ಕಲಬುರಗಿಯಲ್ಲೇ ತಯಾರಾದ ಕಬ್ಬಿಣದ ಕೂಲರ್: ಒಂದು ಬೇಸಿಗೆ ಬಳಸಿದ ಮೇಲಿನ ವಿಮರ್ಶೆ

ಕಲಬುರಗಿಯ ಬೇಸಿಗೆಯಲ್ಲಿ ಕೂಲರನ್ನು ಯಾರೂ ಐಷಾರಾಮದ ವಸ್ತುವೆಂದು ಎಣಿಸುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಇರುವುದೇ ಇಲ್ಲಿನ ಬಿಸಿಲಿಗೆ ಸಾಕ್ಷಿ. ಮಧ್ಯಾಹ್ನ 42–43 ಡಿಗ್ರಿ ಎಂದರೆ ಇಲ್ಲಿ ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಮಾಳಿಗೆ ನಡುರಾತ್ರಿ ದಾಟಿದರೂ ಶಾಖ ಬಿಡುತ್ತಲೇ ಇರುತ್ತದೆ. ಇಂಥ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದ ನಮ್ಮ ಮನೆಯ ಕಬ್ಬಿಣದ ಕೂಲರಿನ ಟಾಕಿ ತಳದಿಂದ ಸೋರತೊಡಗಿದಾಗ, ಹೊಸದನ್ನು ಕೊಳ್ಳುವ ಮಾತು ತಾನಾಗಿಯೇ ಬಂತು. ಎ.ಸಿ., ಕಂಪನಿಯ ಪ್ಲಾಸ್ಟಿಕ್ ಕೂಲರ್, ಊರಿನಲ್ಲೇ ತಗಡು ಮಡಚಿ ಮಾಡಿಕೊಡುವ ಕಬ್ಬಿಣದ ಕೂಲರ್, ಈ ಮೂರನ್ನೂ ವಿಚಾರಿಸಿ ಕೊನೆಗೆ ಮೂರನೆಯದನ್ನು ತಂದೆವು. ಅದನ್ನು ಒಂದು ಪೂರ್ತಿ ಬೇಸಿಗೆ ಮತ್ತು ಮಳೆಗಾಲದ ಮೊದಲ ಭಾಗದಲ್ಲಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಹಳೆಯದನ್ನು ದುರಸ್ತಿ ಮಾಡಿಸಬಹುದಿತ್ತೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು. ಮೋಟಾರ್ ಚೆನ್ನಾಗಿತ್ತು, ಹಿಂದೊಮ್ಮೆ ಸುಟ್ಟಾಗ ವೈಂಡಿಂಗ್ ಮಾಡಿಸಿದ್ದೆವು, ಇಂದಿಗೂ ಓಡುತ್ತದೆ. ಪಂಪನ್ನು ಹಲವು ಬಾರಿ ಬದಲಿಸಿದ್ದೆವು. ಹೋಗಿದ್ದು ದೇಹ. ನೀರು ನಿಲ್ಲುವ ತಳ, ನಾಲ್ಕು ಕಾಲು, ಪಕ್ಕದ ಜಾಳಿಯ ಕೆಳಗಿನ ಅಂಚು ಎಲ್ಲವೂ ತುಕ್ಕು ಹಿಡಿದು ಪದರು ಪದರಾಗಿ ಉದುರುತ್ತಿದ್ದವು. ನೋಡಲು ಬಂದ ಮಿಸ್ತ್ರಿ ಬೆರಳಿನಿಂದ ತಳವನ್ನು ಒತ್ತಿ ನೋಡಿ, "ತೇಪಿ ಹಚ್ಚಬಹುದು ರೀ, ಆದ್ರ ತೇಪಿ ಹಿಡಕೊಳ್ಳಲಾಕ ಸುತ್ತ ತಗಡೇ ಉಳಿದಿಲ್ಲ" ಎಂದರು. ಕೆಲಸ ಸಿಗುತ್ತಿದ್ದರೂ ಬೇಡವೆಂದು ಹೇಳಿದ ಆ ಪ್ರಾಮಾಣಿಕತೆಯೇ ಮುಂದೆ ನಾವು ಅವರ ಅಂಗಡಿಗೆ ಹೋಗಲು ಕಾರಣವಾಯಿತು.

ಮೊದಲು ಎ.ಸಿ.ಯ ವಿಚಾರ. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಸೂಪರ್ ಮಾರ್ಕೆಟ್ ಮತ್ತು ಸ್ಟೇಷನ್ ರಸ್ತೆಯ ಮಳಿಗೆಗಳಲ್ಲಿ ಕೂಲರ್ ಕೇಳಿದರೂ ಎ.ಸಿ.ಯನ್ನೇ ಮುಂದೆ ಇಡುತ್ತಾರೆ. ಕೊಳ್ಳುವ ಹಣ ಕಂತಿನಲ್ಲಿ ತೀರುತ್ತದೆ, ನಿಜ. ಆದರೆ ನಮ್ಮಂಥ ಮನೆಗಳಿಗೆ ಲೆಕ್ಕ ತಪ್ಪುವುದು ಬೇರೆ ಕಡೆ. ಗೃಹಜ್ಯೋತಿ ಯೋಜನೆಯಡಿ 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿದ ಪ್ರಮಾಣದವರೆಗೆ ವಿದ್ಯುತ್ ಉಚಿತ. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. (ಈ ಯೋಜನೆಗೆ ವಿಧ್ಯುಕ್ತ ಚಾಲನೆ ದೊರೆತದ್ದು ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು.) ಒಂದೂವರೆ ಟನ್ನಿನ ಒಳ್ಳೆಯ ಇನ್ವರ್ಟರ್ ಎ.ಸಿ. ನಮ್ಮ ಬಿಸಿಲಿನಲ್ಲಿ ಗಂಟೆಗೆ ಸರಾಸರಿ ಒಂದು ಯೂನಿಟ್ ತೆಗೆದುಕೊಳ್ಳುತ್ತದೆಂದು ಹಿಡಿದರೂ, ರಾತ್ರಿ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 240 ಯೂನಿಟ್ ಅದೊಂದಕ್ಕೇ ಆಗುತ್ತದೆ. ಕೂಲರಿನ ಮೋಟಾರ್ ಮತ್ತು ಪಂಪ್ ಕೂಡಿ 200 ವಾಟ್ ಎಂದುಕೊಂಡರೆ, ದಿನಕ್ಕೆ ಹನ್ನೆರಡು ಗಂಟೆ ಓಡಿಸಿದರೂ ತಿಂಗಳಿಗೆ 72 ಯೂನಿಟ್. ಜೆಸ್ಕಾಂ ಬಿಲ್ಲನ್ನು ಕೈಯಲ್ಲಿ ಹಿಡಿದು ಕೂತರೆ ಈ ವ್ಯತ್ಯಾಸ ಒಂದೇ ನಿಮಿಷದಲ್ಲಿ ಮನವರಿಕೆಯಾಗುತ್ತದೆ. ಒಳಗಿನ ಕೋಣೆಯಲ್ಲಿ ಮಲಗಿರುವ ರೋಗಿಗಳು, ವಯಸ್ಸಾದವರು, ಹಸುಗೂಸು ಇರುವ ಮನೆಯವರ ಮಾತು ಬೇರೆ, ಅವರಿಗೆ ಎ.ಸಿ. ಬೇಕಾದರೆ ತೆಗೆದುಕೊಳ್ಳಲೇಬೇಕು.

ಇನ್ನು ವಸ್ತು ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆ. ನಮ್ಮ ಮನೆಯಲ್ಲಿ ಕಿರಿಯರು ಇದನ್ನು ಬಹಳ ಕಾಳಜಿಯಿಂದ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಆದರೆ ಪೆಟ್ಟಿಗೆಯ ಮೇಲಿನ ಒಂದು ಸಾಲನ್ನು ಓದಿ ತೃಪ್ತಿಪಟ್ಟರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಇವೆಲ್ಲ ಪೆಟ್ಟಿಗೆಯ ಮೇಲಿರಬೇಕು. ಹೊರದೇಶದಿಂದ ಬಂದದ್ದಾದರೆ ಮೂಲ ದೇಶದ ಹೆಸರೂ ಇರಬೇಕು. ಇಂಥ ವಿವರಗಳನ್ನು 2018ರ ಜನವರಿಯಿಂದ ಆನ್‌ಲೈನ್ ಮಾರಾಟದವರೂ ತೋರಿಸಬೇಕಾಗಿದೆ. ಇದು ಗ್ರಾಹಕರಿಗೆ ಸಿಕ್ಕಿರುವ ದೊಡ್ಡ ಅನುಕೂಲ, ಆದರೂ ಇದನ್ನು ಓದುವವರು ಕಡಿಮೆ. ಮಳಿಗೆಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿ ಸಣ್ಣಕ್ಷರ ಓದತೊಡಗಿದರೆ ಮಾರುವವರು ಏನೋ ತಪ್ಪು ಹುಡುಕುತ್ತಿದ್ದಾರೆಂದು ನೋಡುತ್ತಾರೆ. ನೋಡಲಿ. ಓದಲೇಬೇಕು.

ಓದಿದಾಗ ತಿಳಿಯುವ ಮೊದಲ ಸಂಗತಿಯೆಂದರೆ, ಮುಂದೆ ದೊಡ್ಡದಾಗಿ ಬರೆದಿರುವ ಹೆಸರಿನವರೇ ಆ ವಸ್ತುವನ್ನು ಮಾಡಿರಬೇಕೆಂದಿಲ್ಲ. ಭಾರತದಲ್ಲಿ ಗೃಹೋಪಯೋಗಿ ವಸ್ತುಗಳ ದೊಡ್ಡ ಪಾಲು ಬೇರೆಯವರ ಕಾರ್ಖಾನೆಗಳಲ್ಲಿ ತಯಾರಾಗಿ ಬ್ರಾಂಡಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಅಂಬರ್ ಎಂಟರ್‌ಪ್ರೈಸಸ್ ಹಲವು ಬ್ರಾಂಡುಗಳಿಗೆ ಎ.ಸಿ. ಮಾಡಿಕೊಡುತ್ತದೆ, ಡಿಕ್ಸನ್ ಟೆಕ್ನಾಲಜೀಸ್ ಹಲವು ಬ್ರಾಂಡುಗಳಿಗೆ ಟಿ.ವಿ. ಮತ್ತು ಬಟ್ಟೆ ಒಗೆಯುವ ಯಂತ್ರ ಮಾಡಿಕೊಡುತ್ತದೆ. ಎರಡೂ ತಮ್ಮ ಈ ವ್ಯವಹಾರವನ್ನು ಬಹಿರಂಗವಾಗಿಯೇ ಹೇಳಿಕೊಂಡಿರುವ ಸಾರ್ವಜನಿಕ ಕಂಪನಿಗಳು. ಇದರಲ್ಲಿ ಮೋಸವೇನೂ ಇಲ್ಲ. ಒಂದೇ ಕಾರ್ಖಾನೆಯಿಂದ ಹೊರಟ ಎರಡು ವಸ್ತುಗಳು ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಮಾರಾಟವಾಗುವ ಸಾಧ್ಯತೆ ಇದೆಯೆಂಬುದಷ್ಟನ್ನು ಕೊಳ್ಳುವವರು ತಿಳಿದಿರಬೇಕು. ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು: ಭಾರತದಲ್ಲಿ ತಯಾರಾದದ್ದು ಎಂಬ ಮಾತು ಬಿಡಿಭಾಗಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅನಿಲ ತುಂಬಿದ ಎ.ಸಿ.ಗಳ ಆಮದನ್ನು ನಿಷೇಧಿಸಿತು, 2021ರಲ್ಲಿ ಎ.ಸಿ. ಮತ್ತು ಎಲ್‌ಇಡಿ ದೀಪಗಳ ಬಿಡಿಭಾಗಗಳನ್ನು ಇಲ್ಲೇ ತಯಾರಿಸುವವರಿಗಾಗಿ 6,238 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿತು. ಅಂಥ ಯೋಜನೆ ಬೇಕಾಗಿ ಬಂದದ್ದೇ ಕಂಪ್ರೆಸರ್ ಮೊದಲಾದ ಮುಖ್ಯ ಭಾಗಗಳು ಬಹುಮಟ್ಟಿಗೆ ಹೊರಗಿನಿಂದ, ಅದರಲ್ಲೂ ಚೀನಾದಿಂದ, ಬರುತ್ತಿದ್ದುದರಿಂದ.

ಇದೆಲ್ಲವನ್ನೂ ಯೋಚಿಸಿದ ಮೇಲೆ ನನ್ನ ಪ್ರಶ್ನೆಯ ರೂಪ ಬದಲಾಯಿತು. ವಸ್ತುವನ್ನು ಎಲ್ಲಿ ಜೋಡಿಸಿದ್ದಾರೆ ಎನ್ನುವುದಕ್ಕಿಂತ, ಅದು ಕೆಟ್ಟಾಗ ಅದರ ಯಾವ ಯಾವ ಭಾಗವನ್ನು ನಮ್ಮ ಊರಿನಲ್ಲೇ ಮತ್ತೆ ಮಾಡಲು ಸಾಧ್ಯ ಎನ್ನುವುದು ನಮ್ಮಂಥ ಮನೆಗಳಿಗೆ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ. ಕೂಲರ್ ಕೆಡುವುದು ಓಡುವಾಗ, ಓಡುವುದು ಬೇಸಿಗೆಯಲ್ಲಿ. ಮೇ ತಿಂಗಳಲ್ಲಿ ಹದಿನೈದು ದಿನ ಕಾಯಿರಿ ಎಂದರೆ ಆ ವರ್ಷದ ಬೇಸಿಗೆ ಅಲ್ಲಿಗೆ ಮುಗಿದಂತೆ. ನಮ್ಮ ಅಕ್ಕನ ಮನೆಯಲ್ಲಿ ಆದದ್ದು ಅದೇ. ಅವರು ತಂದಿದ್ದು ಹೆಸರಾಂತ ಕಂಪನಿಯೊಂದರ ಪ್ಲಾಸ್ಟಿಕ್ ಕೂಲರ್. ನೋಡಲು ಚೆಂದ, ರಿಮೋಟ್ ಇದೆ, ಕೆಳಗೆ ಗಾಲಿಗಳಿವೆ, ತುಕ್ಕಿನ ಭಯವಿಲ್ಲ. ಎರಡನೆಯ ಬೇಸಿಗೆಯಲ್ಲಿ ಅದರ ವಿದ್ಯುನ್ಮಾನ ಹಲಗೆ ಕೆಟ್ಟಿತು. ಮೋಟಾರಿಗೂ ಪಂಪಿಗೂ ಏನೂ ಆಗಿರಲಿಲ್ಲ, ಆದರೆ ಆ ಹಲಗೆಯಿಲ್ಲದೆ ಎರಡೂ ತಿರುಗುವಂತಿರಲಿಲ್ಲ. ಊರಿನ ಸೇವಾ ಕೇಂದ್ರದವರು ಭಾಗ ತರಿಸಬೇಕೆಂದರು. ಅದು ಬರುವ ಹೊತ್ತಿಗೆ ಮಿರಗದ ಮಳೆ ಶುರುವಾಗಿತ್ತು. ಕಂಪನಿಯವರು ಖಾತರಿಯ ಮಾತು ಉಳಿಸಿಕೊಂಡರು, ಹಣ ಕೇಳಲಿಲ್ಲ. ಅಕ್ಕ ಮಾತ್ರ ಆ ಬೇಸಿಗೆಯನ್ನು ಒದ್ದೆ ಬಟ್ಟೆ ಹೊದ್ದು ಕಳೆದರು.

ಈಗ ಅಂಗಡಿಯ ಮಾತಿಗೆ ಬರುತ್ತೇನೆ. ಹುಮನಾಬಾದ್ ರಸ್ತೆಯ ಕಡೆ ತಗಡಿನ ಕೆಲಸದ ಅಂಗಡಿಗಳು ಹಲವಿವೆ. ಚಳಿಗಾಲದಲ್ಲಿ ಕಪಾಟು, ಪೆಟ್ಟಿಗೆ, ಶಟರ್ ಕೆಲಸ ಮಾಡುವ ಇವರು ಫೆಬ್ರವರಿ ಬಂತೆಂದರೆ ಕೂಲರಿಗೆ ತಿರುಗುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಅಂಗಡಿಯ ಮುಂದೆ ಬಣ್ಣ ಹಚ್ಚದ ಕೂಲರಿನ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ನಾವು ಹೋದ ಅಂಗಡಿಯಲ್ಲಿ ಕೆಲಸ ಎದುರಿಗೇ ನಡೆಯುತ್ತದೆ, ಕೇಳಿದ್ದಕ್ಕೆ ಕೈ ನಿಲ್ಲಿಸಿ ಉತ್ತರಿಸುತ್ತಾರೆ, ಹಳೆಯ ಕೂಲರನ್ನು ತೂಕದ ಮೇಲೆ ತೆಗೆದುಕೊಂಡು ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಹಳೆಯ ಮೋಟಾರನ್ನು ನಾವೇ ಇಟ್ಟುಕೊಂಡೆವು. ಅದಕ್ಕೆ ಅವರು ಏನೂ ತಕರಾರು ಮಾಡಲಿಲ್ಲ.

ತಗಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಬ್ಬಿಣದ ಕೂಲರಿನ ಆಯುಷ್ಯ ನಿಂತಿರುವುದು ಅದರ ಮೇಲೆ. ಬಳಸುವುದು ಸತು ಲೇಪಿಸಿದ ಜಿ.ಐ. ತಗಡು. ಸತು ತಾನು ಮೊದಲು ಕರಗಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಲೇಪ ಇರುವಷ್ಟು ದಿನ ತುಕ್ಕು ಹತ್ತಿರ ಬರುವುದಿಲ್ಲ. ಆದರೆ ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಕಬ್ಬಿಣ ಬೆಸೆಯಲು ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ ಬೇಕು. ಹಾಗಾಗಿ ವೆಲ್ಡಿಂಗ್ ಮಾಡಿದ ಜಾಗದಲ್ಲೆಲ್ಲ ಲೇಪ ಸುಟ್ಟುಹೋಗಿ ಬರಿ ಕಬ್ಬಿಣ ಉಳಿಯುತ್ತದೆ. ನಮ್ಮ ಹಳೆಯ ಕೂಲರ್ ತೂತುಬಿದ್ದದ್ದು ತಳದ ನಾಲ್ಕು ಮೂಲೆಗಳಲ್ಲಿ, ಅಂದರೆ ಬೆಸುಗೆ ಹಾಕಿದ ಕಡೆಗಳಲ್ಲೇ. ಈ ಅಂಗಡಿಯವರು ಟಾಕಿಯನ್ನು ಬೆಸೆಯುವುದಿಲ್ಲ. ಒಂದೇ ತಗಡನ್ನು ನಾಲ್ಕೂ ಬದಿಗೆ ಮೇಲಕ್ಕೆ ಮಡಚಿ, ಮೂಲೆಯ ಹೆಚ್ಚುವರಿ ತಗಡನ್ನು ಕತ್ತರಿಸದೆ ಹೊರಗೆ ಒತ್ತಿ, ಮೇಲಿನ ಅಂಚಿನಲ್ಲಿ ಮಾತ್ರ ರಿವೆಟ್ ಹೊಡೆಯುತ್ತಾರೆ. ನೀರು ನಿಲ್ಲುವ ಮಟ್ಟದ ಕೆಳಗೆ ರಿವೆಟ್ಟಿನ ತೂತೂ ಇಲ್ಲ, ಬೆಸುಗೆಯೂ ಇಲ್ಲ. ಮರದ ಕೊಡತಿಯಿಂದ ಆ ಮೂಲೆಯನ್ನು ಒಂದೊಂದೇ ಪೆಟ್ಟಿಗೆ ಕೂಡಿಸುವುದನ್ನು ನಿಂತು ನೋಡಿದೆ. ಅಂಚು ಬಿರುಕು ಬಿಡದಂತೆ ತಗಡನ್ನು ತಿರುಗಿಸುವ ಅವರ ಕೈಚಳಕಕ್ಕೆ ಯಾವ ಕಾರ್ಖಾನೆಯವರಾದರೂ ತಲೆದೂಗಬೇಕು. ಹೊರಗಿನ ಚೌಕಟ್ಟಿಗೆ, ಕಾಲುಗಳಿಗೆ ಬೆಸುಗೆ ಇದೆ. ಅಲ್ಲಿ ಎರಡು ಸಲ ಪ್ರೈಮರ್ ಹಚ್ಚಲು ಕೇಳಿ ಹಚ್ಚಿಸಿಕೊಂಡೆವು.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು ಎಂಬುದನ್ನು ನೆನಪಿಡಿ. 20 ಗೇಜ್ ಕೇಳಿದವರಿಗೆ 24 ಕೊಟ್ಟು ದೊಡ್ಡ ಅಂಕಿ ತೋರಿಸಿದರೆ ಮೋಸಹೋಗಬೇಡಿ. ನಾವು ಟಾಕಿಗೆ 20, ಪಕ್ಕಗಳಿಗೆ 22 ಗೇಜ್ ಹಾಕಿಸಿದೆವು. ಸುರುಳಿಯ ಒಳಮೈಯಲ್ಲಿ ಜೆಎಸ್‌ಡಬ್ಲ್ಯು ಮುದ್ರೆಯಿತ್ತು. ಆ ಕಂಪನಿಯ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ, ಎಂದರೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ; ಆದರೆ ಲೇಪಿತ ತಗಡನ್ನು ಮಹಾರಾಷ್ಟ್ರದ ಘಟಕಗಳಲ್ಲೂ ಮಾಡುತ್ತಾರಾದ್ದರಿಂದ, ನನ್ನ ಕೂಲರಿನ ತಗಡು ಬಳ್ಳಾರಿಯದೇ ಎಂದು ಮುದ್ರೆಯೊಂದನ್ನೇ ನೋಡಿ ಹೇಳಲಾಗದು. ಹೀಗಿದ್ದರೂ ತಗಡು ಎಲ್ಲಿಯದಾದರೂ ಅದನ್ನು ಮಡಚಿದ ಕೈ ಇಲ್ಲಿಯದು, ಮುಂದೆ ಟಾಕಿ ಹೋದರೆ ಹೊಸ ಟಾಕಿ ಮಡಚಿಕೊಡುವ ಕೈಯೂ ಇಲ್ಲಿಯದೇ.

ಮೋಟಾರಿನ ಮೇಲೆ ಹೈದರಾಬಾದಿನ ವಿಳಾಸವಿದೆ. ಇದರಲ್ಲಿ ಅಚ್ಚರಿಯಿಲ್ಲ, ಕಲಬುರಗಿ, ಬೀದರ್, ಯಾದಗಿರಿಯ ವ್ಯಾಪಾರಿಗಳು ಮೊದಲಿನಿಂದಲೂ ಬೆಂಗಳೂರಿಗಿಂತ ಹತ್ತಿರದ ಹೈದರಾಬಾದಿನ ಪೇಟೆಯನ್ನೇ ನೆಚ್ಚಿದವರು. ಮೋಟಾರ್ ಆರಿಸುವಾಗ ಎರಡು ಪ್ರಶ್ನೆ ಕೇಳಿ. ಒಂದು, ವೇಗ. ಕೂಲರಿಗೆ ಹಾಕುವ ಮೋಟಾರುಗಳು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 1400 ಅಥವಾ ಸುಮಾರು 900 ಸುತ್ತಿನವು. 1400ರದು ಗಾಳಿ ಜೋರಾಗಿ ಎಸೆಯುತ್ತದೆ, ಆದರೆ ಮಲಗುವ ಕೋಣೆಯಲ್ಲಿ ಅದರ ಸದ್ದಿಗೆ ನಿದ್ದೆ ಬರುವುದಿಲ್ಲ. 900ರದಕ್ಕೆ ಅಗಲವಾದ ಪಂಖ ಹಾಕಿಸಿದರೆ ಮನೆಗೆ ಅದೇ ಸರಿ. ಎರಡು, ಒಳಗಿನ ತಂತಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಎಂಬುದು. ಅಲ್ಯೂಮಿನಿಯಂ ತಂತಿಯ ವಾಹಕತೆ ತಾಮ್ರದ ಸುಮಾರು ಶೇ 61ರಷ್ಟು ಮಾತ್ರ; ಅದೇ ಜಾಗದಲ್ಲಿ ಸುತ್ತಿದರೆ ಹೆಚ್ಚು ಕಾಯುತ್ತದೆ, ಅದರ ಜೋಡಣೆಯೂ ಬೇಗ ಸಡಿಲವಾಗುತ್ತದೆ. ಎರಡಕ್ಕೂ ಒಂದೇ ಬಣ್ಣದ ಇನಾಮಲ್ ಹಚ್ಚಿರುವುದರಿಂದ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮಿಸ್ತ್ರಿ ಮೋಟಾರಿನ ಮುಚ್ಚಳ ಬಿಚ್ಚಿ, ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ಕೆಂಪು ಲೋಹ ತೋರಿಸಿದರು. "ತಾಮ್ರ ಅದ ನೋಡ್ರಿ. ಸುಟ್ಟರೂ ಇಲ್ಲೇ ಮತ್ತ ಸುತ್ತಿ ಕೊಡ್ತಾರ" ಎಂದರು. ಕೆರೆದಾಗ ಬಿಳಿ ಲೋಹ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡವೆನ್ನಿ. ಪಂಪಿನ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅಂಗಡಿಯಲ್ಲಿದ್ದ ಅಗ್ಗದ ಪಂಪುಗಳ ಮೇಲೆ ಊರಿನ ಹೆಸರೂ ಇರಲಿಲ್ಲ, ತಯಾರಕರ ಹೆಸರೂ ಇರಲಿಲ್ಲ. ನೀರಿನೊಳಗೆ ಮುಳುಗಿ ಕರೆಂಟಿನ ಮೇಲೆ ಓಡುವ ವಸ್ತುವಿಗೆ ಇದು ಸಲ್ಲದು. ಸ್ವಲ್ಪ ಹೆಚ್ಚು ಕೊಟ್ಟು ವಿಳಾಸ ಮತ್ತು ಐ.ಎಸ್.ಐ. ಗುರುತು ಇರುವ ಪಂಪನ್ನು ವಿದ್ಯುತ್ ಸಾಮಾನಿನ ಅಂಗಡಿಯಿಂದ ಬೇರೆಯೇ ತಂದು ಹಾಕಿಸಿದೆವು.

ತಂಪು ಎಷ್ಟು ಬರುತ್ತದೆ ಎಂಬುದು ಯಂತ್ರಕ್ಕಿಂತ ಗಾಳಿಯ ತೇವಾಂಶವನ್ನು ಅವಲಂಬಿಸಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಆ ಶಾಖವನ್ನು ನೀರು ಗಾಳಿಯಿಂದಲೇ ಎಳೆದುಕೊಳ್ಳುವುದರಿಂದ ಗಾಳಿ ತಣ್ಣಗಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಮತ್ತು ತೇವಾಂಶ ಶೇ 20 ಇದ್ದಾಗ ಗಾಳಿಯನ್ನು ನೀರಿನಿಂದ ತಣಿಸಬಹುದಾದ ಕೊನೆಯ ಮಿತಿ ಸುಮಾರು 24 ಡಿಗ್ರಿ. ಪಂಪಿನ ನೀರಿನಿಂದ ನೆನೆದು ಗಾಳಿಯನ್ನು ತನ್ನ ಮೂಲಕ ಒಳಬಿಡುವ ಪ್ಯಾಡ್ ಒಳ್ಳೆಯದಿದ್ದು ಆ ಅಂತರದ ಐದರಲ್ಲಿ ನಾಲ್ಕು ಪಾಲು ದಾಟಿಸಿದರೂ ಕೂಲರಿನ ಬಾಯಲ್ಲಿ 28 ಡಿಗ್ರಿಯ ಆಸುಪಾಸಿನ ಗಾಳಿ ಸಿಗುತ್ತದೆ. ನಾನು ಗೋಡೆಗೆ ಹಾಕುವ ಸಾಮಾನ್ಯ ಉಷ್ಣಮಾಪಕ ಹಿಡಿದು ನೋಡಿದಾಗಲೂ ಹೆಚ್ಚುಕಡಿಮೆ ಅದೇ ಕಂಡಿತು. ಜುಲೈನಲ್ಲಿ ಹೊರಗೆ 31 ಡಿಗ್ರಿ, ತೇವಾಂಶ ಶೇ 70 ಇದ್ದಾಗ ಅದೇ ಕೂಲರ್ ನಾಲ್ಕು ಡಿಗ್ರಿಯನ್ನೂ ಇಳಿಸಲಾರದು. ಹಾಸಿಗೆ ತೇವವಾಗುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ. ಆಗ ಪಂಪ್ ನಿಲ್ಲಿಸಿ ಬರಿ ಪಂಖ ಓಡಿಸಬೇಕು. ಮಂಗಳೂರು, ಕಾರವಾರದ ಕಡೆಯವರು ಕೂಲರನ್ನು ಹಳಿಯುವುದೂ ನಮ್ಮ ಕಡೆಯವರು ಹೊಗಳುವುದೂ ಇದೇ ಕಾರಣಕ್ಕೆ. ಇನ್ನೊಂದು ಮಾತು: ಕೂಲರ್ ಹಾಕಿ ಬಾಗಿಲು ಮುಚ್ಚುವವರು ಇಂದಿಗೂ ಇದ್ದಾರೆ. ಹಾಗೆ ಮಾಡಿದರೆ ಅರ್ಧ ಗಂಟೆಯಲ್ಲಿ ಕೋಣೆ ಬೆವರತೊಡಗುತ್ತದೆ. ಕೂಲರನ್ನು ಕಿಟಕಿಯ ಹೊರಗೆ ಕೂಡಿಸಿ, ಎದುರಿನ ಬಾಗಿಲನ್ನೋ ಕಿಟಕಿಯನ್ನೋ ಒಂದು ಗೇಣು ತೆರೆದಿಡಬೇಕು. ನಮ್ಮದನ್ನು ಹಿತ್ತಲ ಕಡೆಯ ಕಿಟಕಿಗೆ, ಎರಡು ಶಹಾಬಾದ್ ಪರಸಿಗಳನ್ನು ಜೋಡಿಸಿದ ಕಟ್ಟೆಯ ಮೇಲೆ ಕೂಡಿಸಿದ್ದೇವೆ. ಕಾಲುಗಳ ಕೆಳಗೆ ನೀರು ನಿಲ್ಲದಂತೆ ಕಲ್ಲಿಗೆ ಸ್ವಲ್ಪ ಇಳಿಜಾರು ಕೊಟ್ಟಿದೆ.

ಪ್ಯಾಡುಗಳಲ್ಲಿ ಮರದ ಎಳೆಯ ಹುಲ್ಲು ಮತ್ತು ಕಾಗದದ ಹನಿಕೋಂಬ್ ಎಂಬ ಎರಡು ಬಗೆಯವು ಸಿಗುತ್ತವೆ. ಹುಲ್ಲು ಅಗ್ಗ, ಹೊಸದಿದ್ದಾಗ ಚೆನ್ನಾಗಿ ತಣಿಸುತ್ತದೆ, ಆದರೆ ನೆನೆದು ನೆನೆದು ಕೆಳಗೆ ಕುಸಿಯುತ್ತದೆ. ಮೇಲೆ ಖಾಲಿಯಾದ ಜಾಗದಿಂದ ಬಿಸಿಗಾಳಿ ನೇರವಾಗಿ ಒಳಗೆ ಬರುತ್ತದೆ. ಪ್ರತಿ ಬೇಸಿಗೆಗೂ ಹೊಸದು ಹಾಕಲೇಬೇಕು. ಹನಿಕೋಂಬ್ ಎರಡು–ಮೂರು ಬೇಸಿಗೆ ತಡೆಯುತ್ತದೆ, ದಪ್ಪ ಇದ್ದಷ್ಟೂ ಒಳ್ಳೆಯದು, ಬೆಲೆ ಹೆಚ್ಚು. ಕಬ್ಬಿಣದ ಕೂಲರಿಗೆ ಹುಲ್ಲೇ ಎಂಬ ರೂಢಿ ಹೋಗಿದೆ. ಜಾಳಿಯ ಒಳಗೆ ಹಳಿ ಕೂಡಿಸಿ ಹನಿಕೋಂಬ್ ಜಾರಿಸುವಂತೆ ಮಾಡಿಕೊಡುತ್ತಾರೆ. ನಾವು ಹಾಗೆಯೇ ಮಾಡಿಸಿದೆವು, ಈ ಕೂಲರಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಅದು. (ಲಾವಂಚದ ಬೇರಿನ ಪ್ಯಾಡಿನ ಪರಿಮಳ ಬೇಕೆನ್ನುವವರು ಒಂದು ಹಿಡಿ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಟಾಕಿಯಲ್ಲಿ ಇಳಿಬಿಡಬಹುದು.)

ನೀರಿನ ಲೆಕ್ಕವನ್ನು ಮುಚ್ಚಿಡಬಾರದು. ದೊಡ್ಡ ಕೂಲರ್ ಕಡುಬಿಸಿಲಿನಲ್ಲಿ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ದಿನಕ್ಕೆ ನೂರು ಲೀಟರ್ ಎಂಬುದು ಅತಿಶಯವಲ್ಲ. ನಮ್ಮ ನಗರಕ್ಕೆ ನೀರು ಬರುವುದು ಸರಡಗಿಯ ಬಳಿ ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾ ಜಲಾಶಯದಿಂದ. ಮೇ ತಿಂಗಳಲ್ಲಿ ನಳದ ನೀರಿಗೆ ಕಾಯುವ ಬಡಾವಣೆಗಳಲ್ಲಿ ನೂರು ಲೀಟರ್ ಸಣ್ಣ ಮಾತಲ್ಲ. ಟ್ಯಾಂಕರ್ ನೀರು ಕೊಂಡು ಕೂಲರಿಗೆ ಹಾಕಬೇಕಾದ ಮನೆಯವರು ಎ.ಸಿ.ಯ ಬಿಲ್ಲಿನ ಜೊತೆ ಆ ಖರ್ಚನ್ನೂ ಹೋಲಿಸಿಯೇ ತೀರ್ಮಾನಿಸಬೇಕು. ಬೋರಿನ ಗಡಸು ನೀರು ಹಾಕುವವರಿಗೆ ಇನ್ನೊಂದು ತೊಂದರೆ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಸುಣ್ಣ ಮತ್ತು ಉಪ್ಪು ಟಾಕಿಯಲ್ಲೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತವೆ, ಪ್ಯಾಡಿನ ಮೇಲೆ ಬಿಳಿ ಪದರಾಗಿ ಕಟ್ಟುತ್ತವೆ, ಪಂಪನ್ನು ಹಿಡಿಯುತ್ತವೆ. ಮೇಲಿಂದ ಮೇಲೆ ತುಂಬುತ್ತಾ ಹೋಗುವುದು ಸಾಲದು. ವಾರಕ್ಕೊಮ್ಮೆ ಟಾಕಿ ಪೂರ್ತಿ ಖಾಲಿ ಮಾಡಿ ತೊಳೆದು ಹೊಸ ನೀರು ಹಾಕಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ಸುಮಾರು ಏಳರಿಂದ ಹತ್ತು ದಿನವಾದ್ದರಿಂದ ಈ ವಾರದ ಲೆಕ್ಕ ಆ ದೃಷ್ಟಿಯಿಂದಲೂ ಸರಿಹೊಂದುತ್ತದೆ. ಟಾಕಿಯ ನೀರು ಹೊರಬಿಡುವ ನಳ ಇಡಿಸಿಕೊಳ್ಳುವುದನ್ನು ಮರೆಯಬೇಡಿ. ತಳದಲ್ಲಿ ತೂತು ಬೇಡವೆಂದು ನಾವು ಪಕ್ಕಕ್ಕೆ, ತೀರ ಕೆಳಗೆ, ರಬ್ಬರಿನ ವಾಷರ್ ಕೊಟ್ಟು ಕೂಡಿಸಿದೆವು, ಈವರೆಗೆ ಸೋರಿಲ್ಲ.

ಕಬ್ಬಿಣದ ಕೂಲರಿನ ನಿಜವಾದ ದೋಷ ಒಂದಿದೆ, ಅದನ್ನು ನಾನು ಲಘುವಾಗಿ ಹೇಳಲಾರೆ. ಅದರ ಮೈಯೆಲ್ಲ ಲೋಹ, ಒಳಗೆ ನೀರು, ನೀರಿನಲ್ಲಿ ಕರೆಂಟು. ಪಂಪಿನ ತಂತಿಯ ಹೊದಿಕೆ ಒಂದು ಕಡೆ ಸವೆದರೂ ಇಡೀ ಡಬ್ಬಿಗೆ ವಿದ್ಯುತ್ ಹರಿಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗು ಅದನ್ನು ಮುಟ್ಟಿದರೆ ಪ್ರಾಣವೇ ಹೋಗಬಹುದು. ಪ್ಲಾಸ್ಟಿಕ್ ಕೂಲರ್ ಈ ವಿಷಯದಲ್ಲಿ ಖಂಡಿತ ಮೇಲು. ಅಂಗಡಿಯವರು ಮೊದಲು ನಮಗೆ ಎರಡು ಪಿನ್ನಿನ ಪ್ಲಗ್ಗು ಹಾಕಿ ಕೊಡಲು ಹೊರಟಿದ್ದರು. ಕೇಳಿದ ಮೇಲೆ ಮೂರು ತಂತಿಯ ವೈರು ಹಾಕಿ, ಹಸಿರು ತಂತಿಯನ್ನು ಡಬ್ಬಿಗೆ ನಟ್ಟಿನಿಂದ ಬಿಗಿದರು. ಕೇಳದೆಯೇ ಇದನ್ನು ಮಾಡಬೇಕಿತ್ತು, ಇಡೀ ವ್ಯವಹಾರದಲ್ಲಿ ನನಗೆ ಹೆಚ್ಚು ಬೇಸರ ತಂದ ಸಂಗತಿ ಇದು. ಮನೆಯಲ್ಲಿ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕರೆಂಟು ಸೋರಿದೊಡನೆ ತಾನಾಗಿಯೇ ಕಡಿದುಹಾಕುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕಿತ್ತೇ ತುಂಬಿ. ಇಷ್ಟಕ್ಕೆ ಮನಸ್ಸಿಲ್ಲದವರು ಕಬ್ಬಿಣದ ಕೂಲರ್ ಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸದ್ದು ಪ್ಲಾಸ್ಟಿಕ್ಕಿನದಕ್ಕಿಂತ ಹೆಚ್ಚು. ಎತ್ತಿಡಲು ಇಬ್ಬರು ಬೇಕು. ನೋಟ ಸಾಧಾರಣ.

ಬೆಲೆಯಲ್ಲಿ, ಹನಿಕೋಂಬ್ ಮತ್ತು ತಾಮ್ರದ ಮೋಟಾರ್ ಸೇರಿ, ಹಳೆಯ ತಗಡಿನ ಹಣ ಕಳೆದು ಒಂಬತ್ತು ಸಾವಿರದ ಹತ್ತಿರ ಬಂತು. ಅದೇ ಅಳತೆಯ ಕಂಪನಿ ಕೂಲರಿಗೆ ಮಳಿಗೆಗಳಲ್ಲಿ ಹನ್ನೆರಡರಿಂದ ಹದಿನೈದು ಸಾವಿರ ಹೇಳಿದ್ದರು. ಉಳಿದ ಹಣಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಬೇರೆಯದಕ್ಕೆ: ಮೇ ಮಧ್ಯದಲ್ಲಿ ಪಂಪ್ ನಿಂತಾಗ ಮಗ ಬೈಕಿನಲ್ಲಿ ಹೋಗಿ ಸಂಜೆಯೊಳಗೆ ಹೊಸ ರಬ್ಬರ್ ಹಾಕಿಸಿಕೊಂಡು ಬಂದ, ಆ ರಾತ್ರಿಯೂ ಕೂಲರ್ ಓಡಿತು.

ಕೊರತೆಯೊಂದು ಉಳಿದಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಈ ಅಂಗಡಿಯವರು ತಾವು ಮಾಡಿದ ಕೂಲರಿನ ಮೇಲೆ ತಮ್ಮ ಹೆಸರನ್ನೇ ಹಾಕುವುದಿಲ್ಲ. ಪಕ್ಕದ ಅಂಗಡಿಯಲ್ಲಂತೂ ಹೆಸರಾಂತ ಕಂಪನಿಗಳ ಹೆಸರನ್ನು ಹೋಲುವ ಬಣ್ಣಬಣ್ಣದ ಸ್ಟಿಕ್ಕರುಗಳನ್ನು ಹಚ್ಚಿ ಮಾರುತ್ತಾರೆ, ಗಿರಾಕಿಗಳು ಅದನ್ನೇ ಕೇಳುತ್ತಾರಂತೆ. ಕೂಲರುಗಳಿಗೆ ಐ.ಎಸ್. 3315 ಎಂಬ ಭಾರತೀಯ ಮಾನಕವೇ ಇದೆ. ಅದಕ್ಕೆ ಪರೀಕ್ಷೆ ಮಾಡಿಸಿ ಗುರುತು ಪಡೆಯುವುದು ಸಣ್ಣ ಅಂಗಡಿಗೆ ಭಾರವಾಗಬಹುದು, ಆದರೆ ಅಂಗಡಿಯ ಹೆಸರು, ಕಲಬುರಗಿಯ ವಿಳಾಸ, ಮಾಡಿದ ತಿಂಗಳು, ತಗಡಿನ ಗೇಜ್, ಮೋಟಾರಿನ ವಾಟ್ ಇಷ್ಟನ್ನು ಬರೆದ ಒಂದು ತಗಡಿನ ಪಟ್ಟಿಯನ್ನು ರಿವೆಟ್ ಹೊಡೆದು ಕೂಡಿಸಲು ಐದು ನಿಮಿಷವೂ ಬೇಡ. ಮಾಲೀಕರಿಗೆ ಇದನ್ನು ಹೇಳಿದೆ. ಮುಂದಿನ ಹಂಗಾಮಿಗೆ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ, ಕೊಳ್ಳುವವರು ಜಿ.ಎಸ್.ಟಿ. ರಸೀದಿ ಕೇಳಿ ಪಡೆಯಿರಿ, ಅದರ ಹಿಂಬದಿಯಲ್ಲಿ ಮೋಟಾರಿನ ತಯಾರಕರ ಹೆಸರು, ತಂತಿ ತಾಮ್ರದ್ದೆಂಬ ಮಾತು, ಟಾಕಿಯ ಗೇಜ್, ದಿನಾಂಕ ಇವನ್ನು ಅಂಗಡಿಯವರ ಕೈಯಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ನನಗೆ ಅವರು ಬೇಸರವಿಲ್ಲದೆ ಬರೆದುಕೊಟ್ಟರು.